‘ಗದ್ದಲ’ ಬ್ಯಾಂಡಿನ ಏಳುಬೀಳು

ಎಪ್ಪತ್ತರ ದಶಕದಲ್ಲಿ ಹಿರಿಯೂರಿನಲ್ಲಿ ಒಂದು ರಾಕ್ ಬ್ಯಾಂಡ್ ಇತ್ತು ಎಂದರೆ ಈಗ ಯಾರೂ ನಂಬುವುದಿಲ್ಲ. ಆಗಲೂ ನಂಬಲಿಲ್ಲ. ಆದರೆ ಅದನ್ನು ಕಟ್ಟಿದವನು ನಾನೇ ಆದ್ದರಿಂದ, ಅದರ ಚರಿತ್ರೆಯನ್ನು ದಾಖಲಿಸುವ ಗುರುತರ ಹೊಣೆಯೂ ನನ್ನದೇ.

ಐಮಂಗಲದ ಹತ್ತಿರ ಹೆದ್ದಾರಿಯಲ್ಲಿ ವಿದೇಶಿ ಹುಡುಗರ ವ್ಯಾನೊಂದು ಕೆಟ್ಟು ನಿಂತಿತ್ತು. ಅವರ ಟೇಪ್ ರೆಕಾರ್ಡರಿನಲ್ಲಿ ಗಿಟಾರು ಕಿರುಚುತ್ತಿತ್ತು. ರಾಗವಿಲ್ಲ, ತಾಳವಿಲ್ಲ, ಬರೀ ಸದ್ದು! ಇಷ್ಟೇ ಆದರೆ ನನಗೂ ಬರುತ್ತದೆ ಅನ್ನಿಸಿತು. ಸಂಗೀತ ಕಲಿಯದವನಿಗೆ ಇದಕ್ಕಿಂತ ಒಳ್ಳೆಯ ಸಂಗೀತ ಎಲ್ಲಿ ಸಿಗಬೇಕು?

ಹೀಗೆ ‘ಗದ್ದಲ’ ಹುಟ್ಟಿತು. ಹಳೇ ಗಿಟಾರು ನನ್ನದು. ಗೆಳೆಯ ರುದ್ರೇಶ ಎಣ್ಣೆ ಡ್ರಮ್ಮು ಬಡಿಯುತ್ತಿದ್ದ. ಮೈಕ್‌ಸೆಟ್ ಅಂಗಡಿಯ ಬಷೀರ ಆಂಪ್ಲಿಫೈಯರ್ ತಂದು ವೈರು ಜೋಡಿಸುತ್ತಿದ್ದ. ಗಿಟಾರನ್ನು ಶ್ರುತಿ ಮಾಡಕೂಡದು ಎಂಬುದು ನಮ್ಮ ಮೊದಲ ನಿಯಮ. ಶ್ರುತಿ ಮಾಡಲು ನಮಗೆ ಬರುತ್ತಲೂ ಇರಲಿಲ್ಲ. ನಮ್ಮ ಮನೆಯ ಕೊಟ್ಟಿಗೆಯಲ್ಲಿ ಅಭ್ಯಾಸ ಶುರುವಾದ ಕೆಲವೇ ದಿನಕ್ಕೆ ಎಮ್ಮೆ ಹಾಲು ಕೊಡುವುದನ್ನೇ ನಿಲ್ಲಿಸಿತು.

“ಏನ್ರಿ, ಕೊಟ್ಟಿಗೇಲಿ ಎಮ್ಮೆ ಇರ್ಬೇಕು, ಇಲ್ಲಾ ನಿಮ್ ಬ್ಯಾಂಡ್ ಇರ್ಬೇಕು,” ಎಂದಳು ಹೆಂಡತಿ ಗೌರಮ್ಮ.

“ಇದು ಹೊಸ ಕಲೆ ಕಣೇ!”

“ಹಂಗಾದ್ರೆ ಓಲಗದೋರಿಗೆ ಕೊಟ್ಟಂಗೆ ನಿಮ್ಗೂ ಯಾರಾದ್ರೂ ವೀಳ್ಯ ಕೊಟ್ಟು ಕರೀಲಿ. ದೀಪಾವಳಿಯೊಳಗೆ ವೀಳ್ಯ ಬಂದ್ರೆ ಎಮ್ಮೇನ ನಮ್ಮಣ್ಣನ ಮನೆಗೆ ಹೊಡೀತೀನಿ. ಬರ್ಲಿಲ್ವೋ, ಬ್ಯಾಂಡು ಹೊರಗೆ!”

ನಾವು ಮದುವೆ ಮನೆಗಳನ್ನು ಹುಡುಕಿಕೊಂಡು ಹೊರಟೆವು. ಹೊಳಲ್ಕೆರೆಯ ಹಿರಿಯರೊಬ್ಬರು ನಮ್ಮ ಕಛೇರಿಯನ್ನು ಪೂರ್ತಿ ಕೇಳಿ, “ಯಾವಾಗ ಶುರು ಮಾಡ್ತೀರಪ್ಪ?” ಎಂದರು. ಹೊಸದುರ್ಗದಲ್ಲಿ ಹೋಳಿಗೆ ಊಟ ಹಾಕಿದರು, ನುಡಿಸಬಾರದು ಎಂಬ ಷರತ್ತಿನ ಮೇಲೆ.

ದೀಪಾವಳಿ ಇನ್ನೇನು ಬಂತು ಅನ್ನುವಾಗ ಮದಕರಿಪುರದ ರೈತರೊಬ್ಬರು, ತಿಪ್ಪೇಸ್ವಾಮಿ ಅಂತ, ಮನೆಗೇ ಬಂದು ಎಲೆ ಅಡಿಕೆ ಚಾಚಿದರು.

“ನಿಮ್ ಸದ್ದು ಭಾಳ ಜೋರೈತೆ ಅಂತ ಕೇಳೀನಿ. ನಮ್ಮೂರಿಗೆ ಬರ್ಬೇಕ್ರಿ.”

ನನಗೆ ಕಣ್ಣು ತುಂಬಿ ಬಂತು. ವೀಳ್ಯವನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡೆ. ಏನು ಕಾರ್ಯ ಎಂದು ಕೇಳಲಿಲ್ಲ. ಕೇಳಿದರೆ ಅವರಿಗೆ ಅಗೌರವವಾದೀತು ಎಂದುಕೊಂಡೆ. ವೀಳ್ಯ ಹಿಡಿದ ಮೇಲಂತೂ ಇಲ್ಲ ಅನ್ನುವ ಹಾಗೇ ಇಲ್ಲ.

“ನೀನೂ ಬಾ, ನೋಡುವಿಯಂತೆ!” ಎಂದು ಗೌರಮ್ಮನನ್ನೂ ಹೊರಡಿಸಿದೆ.

ಇಸ್ತ್ರಿ ಮಾಡಿದ ಅಂಗಿ ತೊಟ್ಟು ಮದಕರಿಪುರದಲ್ಲಿ ಇಳಿದರೆ ಚಪ್ಪರವಿಲ್ಲ, ತೋರಣವಿಲ್ಲ. ತಿಪ್ಪೇಸ್ವಾಮಿ ನಮ್ಮನ್ನು ಸೀದಾ ಹೊಲಕ್ಕೆ ಕರೆದೊಯ್ದರು. ಜೋಳದ ತೆನೆಗಳ ಮೇಲೆಲ್ಲ ಗಿಳಿಗಳು ಕೂತಿದ್ದವು.

“ಡಬ್ಬಿ ಬಡಿದ್ರೂ ಹೋಗ್ತಿಲ್ಲ, ಕವಣೆ ಬೀಸಿದ್ರೂ ಹೋಗ್ತಿಲ್ರಿ. ಪಂಪ್‌ಸೆಟ್ ಮನೇಲಿ ಕರೆಂಟ್ ಐತೆ. ನುಡಿಸ್ರಿ, ಓಡ್ಸಾಣ!”

ಗೌರಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಾಚಿಕೆಯಿಂದ ನನ್ನ ಕಿವಿ ಬಿಸಿಯಾಯಿತು. ಆದರೂ ವೀಳ್ಯ ವೀಳ್ಯವೇ!

ಬಷೀರ ವೈರು ಸಿಗಿಸಿದ. ಮೈಕು ‘ಕೀಂಯ್’ ಎಂದು ಒಮ್ಮೆ ಅರಚಿತು. ಅಷ್ಟೂ ಗಿಳಿಗಳು ಒಟ್ಟಿಗೆ ಎದ್ದು ಬೇವಿನ ಮರಗಳ ಆಚೆ ಮಾಯವಾದವು. ತಿಪ್ಪೇಸ್ವಾಮಿ ಕೈಮುಗಿದೇಬಿಟ್ಟರು. ಅಲ್ಲಿಗೆ ಸುಮ್ಮನಾಗಿದ್ದರೆ ನಾನು ಗೆದ್ದಿರುತ್ತಿದ್ದೆ.

“ತಡೀರಿ, ಇನ್ನೂ ಶುರುವೇ ಆಗಿಲ್ಲ,” ಎಂದೆ.

ನಮ್ಮ ಅತ್ಯಂತ ಉಗ್ರವಾದ ಕೃತಿಯನ್ನು ಎತ್ತಿಕೊಂಡೆವು. ರುದ್ರೇಶ ಡ್ರಮ್ಮನ್ನು ಜಜ್ಜಿದ. ನಾನು ತಂತಿ ಹರಿಯುವ ಹಾಗೆ ಬಾರಿಸಿದೆ. ಒಂದು ಗಿಳಿ ವಾಪಸ್ಸು ಬಂತು. ಹಿಂದೆಯೇ ಇನ್ನೆರಡು. ನೋಡನೋಡುತ್ತ ಇಡೀ ಹಿಂಡು ಬಂದು ತೆನೆ ಹಿಡಿದು ನೆಮ್ಮದಿಯಾಗಿ ತಿನ್ನತೊಡಗಿತು. ಪಕ್ಕದ ಹೊಲದ ಗಿಳಿಗಳೂ ಬಂದವು!

“ನಿಲ್ಸ್ರಪ್ಪೋ!” ತಿಪ್ಪೇಸ್ವಾಮಿ ಓಡಿ ಬಂದರು. “ಮೊದ್ಲು ನುಡಿಸಿದ್ರಲ್ಲ, ಅದು ಚೆನ್ನಾಗಿತ್ತು. ಅದನ್ನೇ ನುಡಿಸ್ರಿ.”

“ಅದು ನುಡಿಸಿದ್ದಲ್ಲ, ನಾನು ವೈರು ಸಿಗಿಸಿದ್ದು,” ಎಂದ ಬಷೀರ, ಬಹಳ ಸಂಕೋಚದಿಂದ.

ತಿಪ್ಪೇಸ್ವಾಮಿ ಸೊಂಟದ ಚೀಲದಿಂದ ಎಲೆ ಅಡಿಕೆ ತೆಗೆದು ಅವನ ಕೈಗಿಟ್ಟರು.

“ನಾಳೆಯಿಂದ ನೀವೊಬ್ರೇ ಬರ್ರಿ ಬಷೀರಣ್ಣ. ಇವ್ರನ್ನ ಕರ್ಕಂಬರ್ಬ್ಯಾಡ್ರಿ.”

ಗೌರಮ್ಮ ಬಷೀರನ ಕೈಯಲ್ಲಿದ್ದ ವೀಳ್ಯವನ್ನೊಮ್ಮೆ, ನನ್ನನ್ನೊಮ್ಮೆ ನೋಡಿದಳು. ವೀಳ್ಯ ಸಂದದ್ದು ಬ್ಯಾಂಡಿಗಲ್ಲ, ವೈರಿಗೆ. ಕೊಟ್ಟಿಗೆ ಖಾಲಿ ಮಾಡುತ್ತೇನೆಂದು ನಾನೇ ಒಪ್ಪಿಕೊಂಡೆ. ರುದ್ರೇಶ ಡ್ರಮ್ಮನ್ನು ಪಂಪ್‌ಸೆಟ್ ಮನೆಯಲ್ಲೇ ಬಿಟ್ಟ.

ಮರುದಿನದ ಕಾರ್ಯಕ್ರಮದ ಬಗ್ಗೆ ಮಾತಾಡುತ್ತ ಬಷೀರ, ತಿಪ್ಪೇಸ್ವಾಮಿಯವರ ಜೊತೆ ಮುಂದೆ ನಡೆದ. ಅವನ ವೈರಿನ ಸುರುಳಿಯನ್ನು ಹೆಗಲಿಗೆ ಹಾಕಿಕೊಂಡು ಬಸ್ಸಿನ ತನಕ ಹೊತ್ತು ತಂದವನು ನಾನು!