ಕಂಪ್ಯೂಟರಿನ ಬೆನ್ನು ನೋಡಿದ್ದು

ಗುಣವೋ ದೋಷವೋ ಗೊತ್ತಿಲ್ಲ, ನಾನು ಯಾವ ವಸ್ತುವಿನ ಮುಖವನ್ನೂ ನಂಬುವವಳಲ್ಲ. ಮುಖ ಇರುವುದೇ ಮಾರುವುದಕ್ಕೆ. ಹಿಂದೂಪುರದಲ್ಲಿ ನಮ್ಮದು ಮಗ್ಗದ ಮನೆ. ಸೀರೆ ಕೈಗೆ ಬಂದರೆ ಮೊದಲು ಮಗುಚಿ ಹಿಂಬದಿ ನೋಡುತ್ತೇವೆ. ಕಡಿದ ಎಳೆ, ಗಂಟು, ನೇಯ್ದವನ ಸೋಮಾರಿತನ ಎಲ್ಲ ಅಲ್ಲೇ ಬಿದ್ದಿರುತ್ತದೆ. ನನ್ನನ್ನು ನೋಡಲು ಬಂದ ಗಂಡು ಎದ್ದು ಹೊರಟಾಗಲೂ ಬಾಗಿಲ ಸಂದಿಯಿಂದ ಆತನ ಬೆನ್ನನ್ನೇ ನೋಡಿದ್ದೆ. ಅಂಗಿಯ ಹೊಲಿಗೆ ಬಿಟ್ಟಿತ್ತು. ಆದರೂ ಒಪ್ಪಿಕೊಂಡೆ. ಆಗಿನ್ನೂ ಅನುಭವ ಸಾಲದು.

ಬೆನ್ನು ನೋಡಿಯೇ ಕೊಳ್ಳುವವಳೆಂಬ ಈ ಹೆಸರಿನಿಂದಲೇ, ಕಲ್ಯಾಣದುರ್ಗಕ್ಕೆ ಕೊಟ್ಟಿರುವ ನನ್ನ ಮಗಳು ನಾಗಮಣಿ ಕಂಪ್ಯೂಟರ್ ಕೊಳ್ಳಲು ಬಂದಾಗ ನನ್ನನ್ನೂ ಅಂಗಡಿಗೆ ಎಳೆದುಕೊಂಡು ಹೋದಳು. ಮದುವೆಗೆ ಮೊದಲು ಟೈಪು ಕಲಿತವಳು. ಆ ವಿದ್ಯೆ ಬೆರಳಲ್ಲೇ ಉಳಿದು, ಸೊಪ್ಪು ಸೋಸುವಾಗಲೂ ಮೊರದ ಮೇಲೆ ಟಕಟಕ ಬಡಿಯುತ್ತಾಳೆ. ಅವಳೂರಿನ ಶಾಲೆಯೊಂದರವರು, ಮನೆಯಲ್ಲಿ ಕಂಪ್ಯೂಟರ್ ಇದ್ದರೆ ಪ್ರಶ್ನೆಪತ್ರಿಕೆ ಟೈಪು ಮಾಡುವ ಕೆಲಸ ನಿಮಗೇ ಎಂದಿದ್ದರು. ಅಳಿಯ ಮಾತ್ರ, “ತರೋದಾದ್ರೆ ಒಳ್ಳೇದು ತಾ. ಕೆಟ್ಟು ಕೂತ್ರೆ ಇನ್ನೊಂದರ ಮಾತೆತ್ತಬ್ಯಾಡ” ಎಂದು ಕಳಿಸಿದ್ದ.

ಅಂಗಡಿಯಲ್ಲಿ ಎರಡು ಕಂಪ್ಯೂಟರ್ ಇಟ್ಟಿದ್ದರು. ಒಂದು ಕಂಪನಿಯದು, ಇನ್ನೊಂದು ಅಸೆಂಬಲ್ ಮಾಡಿದ್ದು.

“ಅಸೆಂಬಲ್ ಅಂದ್ರೆ ಏನೇ?” ಎಂದೆ.

“ಒಂದೊಂದು ಸಾಮಾನು ಒಂದೊಂದು ಕಡೆಯಿಂದ ತಂದು ಜೋಡ್ಸಿರೋದು ಕಣಮ್ಮ.”

ನಮ್ಮ ಮಗ್ಗವೂ ಹಾಗೆಯೇ. ಕಂಬ ಬಡಗಿಯದು, ಹಣಿಗೆ ಇನ್ಯಾರದೋ, ಲಾಳಿ ನಮ್ಮತ್ತೆಯ ಕಾಲದ್ದು. ಇದರಲ್ಲಿ ಹೆದರುವಂಥದ್ದೇನಿದೆ ಎನ್ನಬೇಕೆಂದಿದ್ದೆ. ಅಷ್ಟರಲ್ಲಿ ಕಂಪನಿಯದರ ಪರದೆ ಕಪ್ಪಾಯಿತು. ಆ ಕಪ್ಪಿನ ನಡುವೆ ಒಂದು ಕೆಂಪು ಎಳೆ ಹುಟ್ಟಿ, ಬಾಗಿ, ಬಳ್ಳಿಯಾಗಿ, ತುದಿಯಲ್ಲಿ ಹೂವು ಬಿಟ್ಟಿತು. ಹೂವು ಕರಗಿ ನೀಲಿಯಾಯಿತು. ನೀಲಿಯ ಹೊಟ್ಟೆಯಿಂದ ಇನ್ನೊಂದು ಬಳ್ಳಿ. ಅಂಗಡಿಯವನು ಹಾರ್ಡ್ ಡಿಸ್ಕು ಎಂದ, ವಾರಂಟಿ ಎಂದ. ಅವನ ಮಾತು ಮಧ್ಯಾಹ್ನದ ಜೊಂಪಿನಲ್ಲಿ ಪಕ್ಕದ ಮನೆಯ ಮಗ್ಗದ ಸದ್ದಿನಂತೆ ದೂರ ದೂರ ಹೋಯಿತು. ನಾನು ಆ ಹೂವನ್ನು ಸೆರಗಿಗೆ ಇಳಿಸುತ್ತಿದ್ದೆ. ಒಡಲಿಗೆ ಯಾವ ಬಣ್ಣ, ಅಂಚಿಗೆ ಎಷ್ಟು ಎಳೆ, ಉಟ್ಟವಳು ನಡೆದರೆ ಬಳ್ಳಿ ಹೇಗೆ ಅಲುಗೀತು ಎಂದು ಲೆಕ್ಕ ಹಾಕುತ್ತ ಹಾಕುತ್ತ ನಾನು ಅಂಗಡಿಯಲ್ಲೇ ಇರಲಿಲ್ಲ.

“ಅಮ್ಮಾ, ಯಾವ್ದು ತಕಳಾನ?” ಎಂದು ಮಗಳು ತಿವಿದಳು.

ಹೂವಿನದು ಎನ್ನಲು ಬಾಯಿ ತೆರೆದಿದ್ದೆ. ಆದರೆ ಕೈ ಹಳೆಯ ಕೈ. ಅದು ತನ್ನಷ್ಟಕ್ಕೆ ಆ ಪರದೆಯ ಪಕ್ಕದ ಡಬ್ಬವನ್ನು ಹಿಂದಕ್ಕೆ ತಿರುಗಿಸಿತು.

“ಏಮವ್ವಾ, ಇದೇನು ಸೀರೆನಾ ಮಗುಚಿ ನೋಡಕ್ಕೆ? ಕೊತ್ತದಿ, ಹೊಸಾದು, ನಿನ್ನೆ ಬಂದಿರೋ ಮಾಲು” ಎಂದ ಅಂಗಡಿಯವನು.

ಫ್ಯಾನಿನ ಜಾಲರಿಯ ತುಂಬ ಬೂದುಬಣ್ಣದ ಧೂಳು ಹೆಪ್ಪುಗಟ್ಟಿ ಜೋತಾಡುತ್ತಿತ್ತು. “ನಿನ್ನೆ ಬಂದಿದ್ದಕ್ಕೆ ಇಷ್ಟುದ್ದ ಗಡ್ಡ ಯಾವಾಗ ಬೆಳೀತಪ್ಪ?” ಎಂದೆ.

ಅವನು ಡಬ್ಬವನ್ನು ತಟ್ಟನೆ ಮುಂದಕ್ಕೆ ತಿರುಗಿಸಿಟ್ಟ. ಯಾರೋ ಬಳಸಿ ಬಿಟ್ಟದ್ದಕ್ಕೆ ಹೊಸ ಮುಖ ಹಾಕಿದ್ದ. ಅಸೆಂಬಲ್ಲಿನ ಬೆನ್ನು ಶುದ್ಧವಾಗಿತ್ತು, ಅದನ್ನೇ ಕೊಂಡೆವು. ನಾನೂ ಜೊತೆಗೆ ಹೊರಟ ಕಲ್ಯಾಣದುರ್ಗದ ಬಸ್ಸಿನಲ್ಲಿ ಮಗಳು, “ನೀನಿಲ್ದಿದ್ರೆ ಮೋಸ ಹೋಗ್ಬುಡ್ತಿದ್ದೆ ಕಣಮ್ಮ” ಎಂದು ಹತ್ತು ಸಲ ಹೇಳಿದಳು. ನಾನು ಸೋಮಂದೇಪಲ್ಲಿ ದಾಟುವವರೆಗೂ ಅಂಗಡಿಯಲ್ಲೇ ಉಳಿದ ಹೂವಿಗಾಗಿ ಮರುಗುತ್ತಿದ್ದೆ.

ಕಲ್ಯಾಣದುರ್ಗದಲ್ಲಿ ತಡೆಯಲಾರದೆ ಆ ಹೂವಿನ ವಿಷಯ ಕೇಳಿಯೇಬಿಟ್ಟೆ. ಮಗಳು ನಕ್ಕು ಎಲ್ಲೋ ಒತ್ತಿದಳು. “ಆ ಹೂವು ಎಲ್ಲಾ ಕಂಪ್ಯೂಟರಲ್ಲೂ ಇರ್ತೈತೆ. ಕೆಲಸ ಇಲ್ದಾಗ ಬತ್ತೈತೆ, ಮುಟ್ಟಿದ್ರೆ ಹೋಯ್ತೈತೆ.”

ಅಲ್ಲಿಗೆ ನಾಲ್ಕು ದಿನಕ್ಕೆಂದು ಹೋದವಳು ಮೂರು ವಾರ ಉಳಿದೆ. ಚಾಪೆ ಹಾಸಿ ಪರದೆಯ ಮುಂದೆ ಕೂತರೆ ಊಟದ ನೆನಪಿಲ್ಲ. ಮಗಳು ಕೈ ಚಾಚಿದರೆ, “ತಾಳೇ, ಈ ಬಳ್ಳಿ ಅಂಚಿಗೆ ಸೇರ್ಲಿ” ಎನ್ನುತ್ತಿದ್ದೆ. ಆ ಬಳ್ಳಿ ಅಂಚಿಗೆ ಸೇರುವ ಜಾತಿಯದಲ್ಲ.

ಕೊನೆಗೊಂದು ದಿನ ನಾಗಮಣಿ ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತಳು. “ಅಮ್ಮಾ, ನಿಂಗೆ ಹೂವು, ನಂಗೆ ಕೆಲಸ. ನಾಳೆ ಬೆಳಿಗ್ಗೆ ಪೇಪರು ಕೊಡ್ದಿದ್ರೆ ಬೇರೇರಿಗೆ ಕೊಡ್ತಾರಂತೆ. ಏಳ್ತೀಯೋ, ಇಲ್ಲ ಹಿಂದೂಪುರದ ಬಸ್ಸು ಹತ್ತಿಸ್ಲೋ?”

ಹೆತ್ತವಳಿಗೆ ಆಡುವ ಮಾತೇ ಇದು? ಆದರೆ ಸುಳ್ಳಿರಲಿಲ್ಲ. ನಾನೇ ಮೌಸನ್ನು ಮುಟ್ಟಿದೆ. ಅರಳುತ್ತಿದ್ದ ನೀಲಿ ಹೂವು ಸತ್ತುಹೋಗಿ, ‘ಬಿಟ್ಟ ಸ್ಥಳ ತುಂಬಿರಿ’ ಎದ್ದು ಬಂತು.

ಪತ್ರಿಕೆಗಳು ಹೊತ್ತಿಗೆ ಸರಿಯಾಗಿ ಹೋದವು. ತಪ್ಪಿಲ್ಲವೆಂದು ಶಾಲೆಯವರು ಎಲ್ಲ ತರಗತಿಗಳದ್ದನ್ನೂ ಅವಳಿಗೇ ಒಪ್ಪಿಸಿದರು. ಪಕ್ಕದೂರು ಬೆಳುಗುಪ್ಪದವರೂ ಲಗ್ನಪತ್ರಿಕೆ ಹಿಡಿದು ಬರತೊಡಗಿದರು. ಒಳ್ಳೆಯ ಕಂಪ್ಯೂಟರ್ ಆರಿಸಿದ್ದರ ಫಲ ನೋಡಿ, ಅದಕ್ಕೀಗ ಒಂದು ಗಳಿಗೆ ಪುರುಸೊತ್ತಿಲ್ಲ. ಕರೆಂಟಾದರೂ ಹೋಗಬಾರದೇ ಎಂದು ಹಾರೈಸಿದ್ದೂ ಉಂಟು. ಹೋದರೆ ಹೂವೂ ಬರುವುದಿಲ್ಲವೆಂದು ಆಮೇಲೆ ಹೊಳೆಯಿತು.

ಈಗ ಹೋದಾಗಲೆಲ್ಲ ನಾನೇ ಕಾಫಿ ಮಾಡಿ ಅವಳ ಪಕ್ಕ ಇಡುತ್ತೇನೆ. “ಎಷ್ಟೂಂತ ದುಡೀತೀಯಾ? ಒಳಗೋಗಿ ಸ್ವಲ್ಪ ಹೊತ್ತು ಮಲಗು ಹೋಗೇ” ಎನ್ನುತ್ತೇನೆ.

ಮೊನ್ನೆ ನಾಗಮಣಿಯ ಕಣ್ಣಲ್ಲಿ ನೀರೇ ಬಂತು. “ನನ್ ಮೇಲೆ ಎಷ್ಟು ಕಾಳಜಿ ಅಮ್ಮ ನಿಂಗೆ!” ಎಂದಳು.

ಇಲ್ಲ ಎನ್ನಲು ನನಗೇನು ಹುಚ್ಚೇ? ಅವಳು ಒಳಗೆ ಹೋದ ಕೂಡಲೇ ಚಾಪೆ ಹಾಸಿಕೊಂಡೆ.