ಕಾಲಿನ್ ಬಂದ ಭಾನುವಾರ

ಸಂಗೀತವನ್ನು ಪ್ರೀತಿಸುವ ಗಂಡನಿಗೆ ನಮ್ಮಲ್ಲಿ ಮರ್ಯಾದೆ ಉಂಟು. ಆದರೆ ಆ ಸಂಗೀತ ದಾಸರದ್ದೋ ಶರಣರದ್ದೋ ಆಗಿರಬೇಕು. ನನ್ನದು ಇಂಗ್ಲೆಂಡಿನದು. ಎಂಬತ್ತರ ದಶಕದಲ್ಲಿ ತುಮಕೂರಿನ ಹಾಸ್ಟೆಲಿನಲ್ಲಿದ್ದಾಗ ಹಣೆ ಮುಚ್ಚುವಂತೆ ಕೂದಲು ಬಿಟ್ಟ ನಾಲ್ವರು ಇಂಗ್ಲಿಷ್ ಹುಡುಗರ ವಾದ್ಯಮೇಳ ನನ್ನ ಕಿವಿಗೆ ಬಿತ್ತು. ಇನ್ನೂ ಹೊರಗೆ ಬಂದಿಲ್ಲ. (ಮೇಳದ ಹೆಸರು ಹೇಳುವುದಿಲ್ಲ. ಮಧುಗಿರಿಯ ನಮ್ಮ ಬೀದಿಯಲ್ಲಿ ಆ ಹೆಸರು ಕೇಳಿದರೆ ಜನ ಗೇಟು ಹಾಕಿಕೊಳ್ಳುತ್ತಾರೆ.)

ಅವರ ಕ್ಯಾಸೆಟ್ಟುಗಳಿಗೆಲ್ಲ ನಮ್ಮ ಬೀರುವಿನ ನಡುವಿನ ಖಾನೆಯೇ ಅರಮನೆ. ಸಂಕ್ರಾಂತಿಗೆ ಮೊದಲು ಅದು ಖಾಲಿಯಾಗಬೇಕೆಂದು ನನ್ನ ಹೆಂಡತಿ ರಾಧಾಮಣಿ ಆಜ್ಞೆ ಹೊರಡಿಸಿದಳು. ಅವಳ ರೇಷ್ಮೆ ಸೀರೆಗಳು ಟ್ರಂಕಿನಲ್ಲಿ ಉಸಿರುಗಟ್ಟುತ್ತಿದ್ದವಂತೆ.

"ಬ್ರಿಟಿಷ್ನೋರು ದೇಶ ಬಿಟ್ಟೋಗಿ ಎಷ್ಟೋ ಕಾಲ ಆಯ್ತು. ನನ್ ಬೀರು ಯಾವಾಗ ಬಿಡ್ತಾರೆ?" ಎಂದು ಕೇಳಿದಳು.

ಕೊಡಿಗೇನಹಳ್ಳಿಯ ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಷ್ಟರಾದ ನಾನು, ಈ ಪ್ರಶ್ನೆ ಸಿಲಬಸ್ಸಿನ ಹೊರಗಿನದೆಂದು ಬೀರುವಿನ ಬಾಗಿಲು ಹಾಕಿದೆ.

ಆ ಭಾನುವಾರ ಬೆಳಿಗ್ಗೆ ಬೆಟ್ಟದ ಬುಡದಲ್ಲಿ ವಾಕಿಂಗ್ ಮಾಡುತ್ತಿದ್ದೆ. ಬಿಳಿಯ ದಂಪತಿ ಕೋಟೆ ನೋಡಿಕೊಂಡು ಮೆಟ್ಟಿಲಿಳಿದು ಬರುತ್ತಿದ್ದರು. ಗಂಡಸು ಕುಂಟುತ್ತಿದ್ದ. ಅವನ ಮಾಸಲು ಟೀಶರ್ಟಿನ ಎದೆಯ ಮೇಲೆ ನನ್ನ ಆರಾಧ್ಯ ವಾದ್ಯಮೇಳದ ಹೆಸರಿತ್ತು. ಭಕ್ತನ ಕಷ್ಟಕ್ಕೆ ದೇವರು ಬನಿಯನ್ನಿನ ರೂಪದಲ್ಲೂ ಬರುತ್ತಾನೆ ಅಂದುಕೊಂಡು ಅಡ್ಡಹೋಗಿ ಕೈ ಕುಲುಕಿದೆ. ಅವನು ಕಾಲಿನ್, ಅವಳು ಮಾರ್ಗರೆಟ್; ಇಂಗ್ಲೆಂಡಿನವರೇ. ಸಂಜೆ ಚಹಾಕ್ಕೆ ಬರಲೇಬೇಕೆಂದು ಹಿಡಿದ ಕೈ ಬಿಡದೆ ಒಪ್ಪಿಸಿದೆ.

ಮನೆಗೆ ಬಂದು ರಾಧಾಮಣಿಗೆ ಪಂಥ ಒಡ್ಡಿದೆ. ಬಂದವರು ನನ್ನ ಕ್ಯಾಸೆಟ್ ಕೇಳಿ ಸಂತೋಷಪಟ್ಟರೆ ಖಾನೆ ನನ್ನದು, ಇಲ್ಲವಾದರೆ ಸೀರೆಗಳದ್ದು. ಅವಳು ಒಂದೇ ಮಾತಿಗೆ ಒಪ್ಪಿದ್ದು ನೋಡಿ ನನಗೇ ಸ್ವಲ್ಪ ಭಯವಾಯಿತು.

ಸಂಜೆ ಅವರು ಬಂದಾಗ, ಅವರೆಕಾಯಿ ತೆಗೆದುಕೊಂಡು ಕಳ್ಳಂಬೆಳ್ಳದಿಂದ ಬಂದಿದ್ದ ನಮ್ಮತ್ತೆ ನರಸಮ್ಮ ಜಗಲಿಯಲ್ಲೇ ಕೂತಿದ್ದರು. ನಾನು ಗಂಭೀರವಾಗಿ "ಇವರು ಕಾಲಿನ್" ಎಂದು ಪರಿಚಯಿಸಿದೆ.

"ಕಾಲಿಂದಾ? ಅದೇ ಕುಂಟ್ತಾ ಬತ್ತಾವ್ನಲ್ಲಪ್ಪ, ಕಾಣಾಕಿಲ್ವಾ" ಎಂದವರೇ ಒಳಗೆ ಹೋಗಿ ಹರಳೆಣ್ಣೆ ಬೆಚ್ಚಗೆ ಮಾಡಿಕೊಂಡು ಬಂದರು. ಅದು ಅವನ ಹೆಸರೆಂದು ನಾನು ವಿವರಿಸುವಷ್ಟರಲ್ಲಿ ಆಂಗ್ಲ ಪಾದ ಅವರ ಮಡಿಲಲ್ಲಿತ್ತು. ಕಾಲಿನ್ ಕಣ್ಣು ಮುಚ್ಚಿ ಏನೋ ಅಂದ. ಏನೆಂದು ನನಗೆ ತಿಳಿಯಲಿಲ್ಲ. ನಿಜ ಹೇಳಬೇಕೆಂದರೆ ಅವನ ಇಂಗ್ಲಿಷಿನಲ್ಲಿ ಮುಕ್ಕಾಲು ಪಾಲು ನನಗೆ ತಿಳಿಯುತ್ತಿರಲಿಲ್ಲ. ಪಾವಗಡದ ಬಸ್ಸಿನ ಕಂಡಕ್ಟರ್ ಒಂದೇ ಉಸಿರಿನಲ್ಲಿ ಊರುಗಳನ್ನು ಕೂಗಿದಂತಿತ್ತು.

ಇಂಗ್ಲಿಷರ ಚಹಾದ ಪದ್ಧತಿಯಂತೆ ನಾನೇ ಕೈಯಾರೆ ಅಂಚು ಕತ್ತರಿಸಿ ಮಾಡಿದ್ದ ಸೌತೆಕಾಯಿ ಬ್ರೆಡ್ಡನ್ನು ಮುಂದಿಟ್ಟೆ. ಇದನ್ನು ತಿನ್ನಲು ಇಷ್ಟು ದೂರ ಬರಬೇಕಿತ್ತೇ ಎಂಬಂತೆ ಅವನು ಅದನ್ನು ನೋಡಿದ. ಅಷ್ಟರಲ್ಲಿ ರಾಧಾಮಣಿ ಅವರೆಕಾಳಿನ ಉಪ್ಪಿಟ್ಟು ತಂದಳು. ನನ್ನ ಬ್ರೆಡ್ಡನ್ನು ಆಮೇಲೆ ಬೀದಿಯ ನಾಯಿ ತಿಂದಿತು, ಅದೂ ಅಂಥ ಉತ್ಸಾಹದಿಂದೇನಲ್ಲ.

ತಟ್ಟೆ ಖಾಲಿಯಾದ ಮೇಲೆ ಟೀಶರ್ಟಿನ ಕಡೆ ಬೆರಳು ಮಾಡಿ ವಿಷಯಕ್ಕೆ ಬಂದೆ. ಕಾಲಿನ್ ತನ್ನ ಎದೆಯನ್ನು ತಾನೇ ಬಗ್ಗಿ ಓದಿಕೊಂಡ. ನಿಧಾನವಾಗಿ ಹೇಳೆಂದು ಬೇಡಿಕೊಂಡ ಮೇಲೆ ಅರ್ಥವಾದದ್ದು ಇಷ್ಟು: ಅದು ಅಗ್ಗಕ್ಕೆ ಸಿಕ್ಕ ಹಳೆಯ ಅಂಗಿ. ಅವನಿಗೆ ಫುಟ್‌ಬಾಲ್ ಬಿಟ್ಟು ಬೇರೇನೂ ಗೊತ್ತಿಲ್ಲ. ಜೊತೆಗೆ, ಅವನು ದುಡಿಯುತ್ತಿದ್ದ ಕಾರ್ಖಾನೆಯ ರೇಡಿಯೋದಲ್ಲಿ ದಿನವಿಡೀ ಇವರದೇ ಹಾಡು ಬರುತ್ತಿದ್ದುದರಿಂದ ನಾಲ್ವರ ಮೇಲೂ ಅವನಿಗೆ ಸಿಟ್ಟಿತ್ತು.

ಬಾಗಿಲಲ್ಲಿ ನಿಂತಿದ್ದ ರಾಧಾಮಣಿ ಬೀರುವನ್ನು ಒಮ್ಮೆ, ನನ್ನನ್ನು ಒಮ್ಮೆ ನೋಡಿ ಒಳಗೆ ಹೋದಳು.

ಆದರೂ ಧೈರ್ಯ ಮಾಡಿ ಟೇಪ್‌ರೆಕಾರ್ಡರ್ ಹಚ್ಚಿದೆ. ಹಾಡು ಎರಡು ಸಾಲು ಹೋಗುವುದರೊಳಗೆ ಯಂತ್ರ ಗೊರಗೊರ ಎಂದು ಟೇಪನ್ನು ನುಂಗತೊಡಗಿತು. ಎಳೆದಷ್ಟೂ ಶ್ಯಾವಿಗೆಯಂತೆ ಕೈಗೆ ಬಂತು.

ಆಗ ಅಡುಗೆಮನೆಯಿಂದ, ಹಾಡು ನಿಂತಲ್ಲಿಂದಲೇ, ಅದೇ ರಾಗ ಮುಂದುವರಿಯಿತು. ಒಂದು ಸ್ವರವೂ ಆಚೀಚೆ ಇಲ್ಲ. ಸಾಹಿತ್ಯ ಮಾತ್ರ ಬೇರೆ:

"ಗ್ಯಾಸು ಖಾಲಿ ಆದ್ರೂನೂ ಕ್ಯಾಸೆಟ್ ಹಾಕವ್ನೆ,
ಬೇಳೆ ಸೀದು ಹೋದ್ರೂನೂ ತಾಳ ಹಾಕವ್ನೆ..."

ಮದುವೆಯಾದಾಗಿನಿಂದ ಗೋಡೆಯಾಚೆ ಬಲವಂತವಾಗಿ ಕೇಳಿಸಿಕೊಂಡದ್ದನ್ನೆಲ್ಲ ನನ್ನ ಹೆಂಡತಿ ಹೀಗೆ ಕನ್ನಡಕ್ಕೆ ತರುತ್ತಿದ್ದಳೆಂದು ನನಗೆ ಆ ಕ್ಷಣದವರೆಗೂ ಗೊತ್ತಿರಲಿಲ್ಲ.

ಮಾರ್ಗರೆಟ್ ಕುರ್ಚಿಯಿಂದ ಎದ್ದವಳೇ ಅಡುಗೆಮನೆಗೆ ಓಡಿದಳು. ಆ ಹಾಡು ಅವಳ ಹರೆಯದ್ದಂತೆ. ಗಂಡನಿಗೆ ಆಗುವುದಿಲ್ಲವೆಂದು ಮನೆಯಲ್ಲಿ ಹಾಡುವುದನ್ನೇ ಬಿಟ್ಟಿದ್ದಳಂತೆ. ಅವಳು ಇಂಗ್ಲಿಷಿನಲ್ಲಿ, ಇವಳು ಕನ್ನಡದಲ್ಲಿ. ಒಲೆಯ ಮುಂದೆ ಕಚೇರಿ ಶುರುವಾಯಿತು. ಅತ್ತೆ ಎಣ್ಣೆಗೈಯಲ್ಲೇ ಕಾಲಿನ್‌ನ ಮೊಣಕಾಲಿನ ಮೇಲೆ ತಾಳ ತಟ್ಟಿದರು. ಅವನ ಮುಖದಲ್ಲೂ ನಗು ಮೂಡಿತು. ಆಮೇಲೆ ಮಾರ್ಗರೆಟ್ ಕನ್ನಡ ಸಾಲುಗಳ ಅರ್ಥ ಕೇಳಿದಳು. ನಾನು ಗಂಟಲು ಸರಿಮಾಡಿಕೊಂಡು, ಇದು ಸಂಗೀತಪ್ರೇಮಿಯಾದ ಪತಿಯ ಗುಣಗಾನ ಎಂದು ಉತ್ತಮ ವ್ಯಾಕರಣದಲ್ಲಿ ಅನುವಾದಿಸಿದೆ.

"ಅಂಗಲ್ಲ" ಎಂದು ರಾಧಾಮಣಿ ನನ್ನನ್ನು ಪಕ್ಕಕ್ಕೆ ಸರಿಸಿದಳು. ಒಲೆ ತೋರಿಸಿ, "ನೋ ಗ್ಯಾಸ್" ಎಂದಳು. ನನ್ನನ್ನು ತೋರಿಸಿ, "ಓನ್ಲಿ ಕ್ಯಾಸೆಟ್."

ಮಾರ್ಗರೆಟ್ ನಕ್ಕು ನಕ್ಕು ಕಣ್ಣೊರೆಸಿಕೊಂಡು, ಕಾಲಿನ್‌ನನ್ನು ತೋರಿಸಿ, "ಓನ್ಲಿ ಫುಟ್‌ಬಾಲ್" ಎಂದಳು. ಇಬ್ಬರೂ ಕೈ ಹಿಡಿದುಕೊಂಡರು. ನಾನೂ ಕಾಲಿನ್ನೂ ಒಬ್ಬರನ್ನೊಬ್ಬರು ನೋಡಿಕೊಂಡೆವು. ಅವನ ಇಂಗ್ಲಿಷ್ ನನಗೆ ಪೂರ್ತಿ ಅರ್ಥವಾದದ್ದು ಆಗಲೇ, ಅವನು ಮಾತಾಡಿರಲಿಲ್ಲ.

ಪಂಥದಲ್ಲಿ ಗೆದ್ದವರು ಯಾರೆಂಬ ಪ್ರಶ್ನೆಯನ್ನು ಅವರು ಹೊರಟ ಮೇಲೆ ನಾನು ಮೆಲ್ಲನೆ ಎತ್ತಿದೆ. ಕ್ಯಾಸೆಟ್ಟುಗಳು ಅಲ್ಲೇ ಇರಲಿ, ಇನ್ನೂ ಎಷ್ಟೋ ಹಾಡಿಗೆ ತಾನು ಪದ ಹಾಕಿಲ್ಲ ಎಂದು ರಾಧಾಮಣಿ ತೀರ್ಪು ಕೊಟ್ಟಳು. ಸೀರೆಗಳಿಗಾಗಿ ನನ್ನ ಷರ್ಟುಗಳು ಟ್ರಂಕು ಸೇರಿದವು. ಒಂದು ಸಂಜೆ, ರಿಪೇರಿಯಾಗಿ ಬಂದ ಟೇಪ್‌ರೆಕಾರ್ಡರಿನ ಮುಂದಿದ್ದ ನನ್ನ ಪಕ್ಕದಲ್ಲಿ ಅವಳೇ ಬಂದು ಕೂತು, ಈ ಹಾಡಿನಲ್ಲಿ ಹಾಡುವವನು ಯಾಕೆ ಅಷ್ಟು ಅಳುತ್ತಾನೆಂದು ಕೇಳಿದಳು. ಹೇಳುತ್ತ ಹೇಳುತ್ತ ಸಾರಿಗೆ ಒಗ್ಗರಣೆ ಹಾಕುವುದು ಇಬ್ಬರಿಗೂ ಮರೆತುಹೋಯಿತು.

ಸಂಕ್ರಾಂತಿಯ ದಿನ ಎಳ್ಳು ಬೀರಲು ಬಂದ ಬೀದಿಯ ಹೆಂಗಸರೆಲ್ಲ ನಮ್ಮ ನಡುಮನೆಯಲ್ಲಿ ಸೇರಿ, ರಾಧಾಮಣಿಯಿಂದ ಹಾಡಿಸಿ, ನನ್ನೆದುರಿಗೇ ಸೊಲ್ಲೆತ್ತಿ ಹಾಡಿದರು. ಎದುರುಮನೆಯ ಶ್ರೀಲತಾ, ಪದವೇನೋ ನಿಮ್ಮದು, ಇಷ್ಟು ಚೆಂದದ ರಾಗ ಯಾರದ್ದು ಎಂದು ಕೇಳಿದಳು. ನಾನು ಮೇಳದ ಚರಿತ್ರೆ ಹೇಳಲು ಎದ್ದು ನಿಂತೆ.

"ರಾಗ ನಮ್ಮನೆಯೋರ್ದು ಕಣಮ್ಮ" ಎಂದಳು ರಾಧಾಮಣಿ, ನನ್ನ ಕಡೆ ನೋಡದೆಯೇ. "ಇಂಗ್ಲೆಂಡ್ನೋರು ಕದ್ಕೊಂಡೋಗವ್ರೆ."

ನಾನು ಕೂತುಕೊಂಡು ಎಳ್ಳು ಬೆಲ್ಲ ತಿಂದೆ.