ಆಟಿಯಲ್ಲಿ ಬೆದೆಗೆ ಬಂದ ಲಚ್ಚು

ಮೂವತ್ತೆರಡು ವರ್ಷ ಉಡುಪಿಯ ಕಾಲೇಜೊಂದರಲ್ಲಿ ಜೀವಶಾಸ್ತ್ರ ಪಾಠ ಮಾಡಿದವನು ನಾನು. ಸಂತಾನೋತ್ಪತ್ತಿಯ ಅಧ್ಯಾಯ ಬಂದಾಗ ಹಿಂದಿನ ಬೆಂಚಿನ ಹುಡುಗರು ಮುಸಿಮುಸಿ ನಗುತ್ತಿದ್ದರು. ಮದುವೆಯೇ ಆಗದ ಮೇಷ್ಟ್ರಿಗೆ ಇದೆಲ್ಲ ಹೇಗೆ ಗೊತ್ತು ಎಂಬುದು ಅವರ ನಗುವಿನ ತಾತ್ಪರ್ಯ. ನಾನು ಮುಖ ಗಂಟು ಹಾಕಿಕೊಂಡು, ಅಂಡಾಣು ಯಾವಾಗ ಬಿಡುಗಡೆಯಾಗುತ್ತದೆ, ಎಷ್ಟು ಹೊತ್ತು ಬದುಕುತ್ತದೆ ಎಂದೆಲ್ಲ ಬರೆಸಿ ಮುಗಿಸುತ್ತಿದ್ದೆ. ಅಂಥ ನಾನು, ಮನೆಯ ನಾಯಿಯ ವಿಷಯದಲ್ಲಿ ಲೆಕ್ಕ ತಪ್ಪಿದೆ. ಲೆಕ್ಕ ಬಾರದೆ ತಪ್ಪಿದ್ದಲ್ಲ ಎಂಬುದೇ ಇಲ್ಲಿ ಹೇಳಿಕೊಳ್ಳಬೇಕಾದ ಸಂಗತಿ.

ಅಂಬಲಪಾಡಿಯ ನಮ್ಮ ಮನೆಯಲ್ಲಿ ಆಗ ಮೂವರಿದ್ದೆವು. ನಾನು, ನನ್ನನ್ನು ಸಾಕಿ ಬೆಳೆಸಿದ ಅಕ್ಕ, ಮತ್ತು ಲಚ್ಚು ಎಂಬ ಲ್ಯಾಬ್ರಡಾರ್ ಹೆಣ್ಣುನಾಯಿ. ಅಕ್ಕನ ಎರಡೂ ಕಿಡ್ನಿ ಕೈಕೊಟ್ಟಿದ್ದವು. ವಾರಕ್ಕೆರಡು ಸಲ ಡಯಾಲಿಸಿಸ್‌ಗೆಂದು ಮಣಿಪಾಲಕ್ಕೆ ಕರೆದುಕೊಂಡು ಹೋಗುತ್ತಿದ್ದೆ. ಆ ಮಂಚದಲ್ಲಿ ನಾಲ್ಕು ಗಂಟೆ ಮಲಗಿ ಅವಳು ಮಾಡುತ್ತಿದ್ದ ಕೆಲಸವೆಂದರೆ, ಇನ್ನೂ ಹುಟ್ಟದ ಲಚ್ಚುವಿನ ಮರಿಗಳನ್ನು ಹಂಚುವುದು. ನರ್ಸಿಗೊಂದು, ಪಕ್ಕದ ಮಂಚದ ಕಾಪುವಿನ ಹೆಂಗಸಿಗೊಂದು, ಲಿಫ್ಟಿನವನಿಗೊಂದು. ಒಟ್ಟು ಹನ್ನೊಂದು ಜನಕ್ಕೆ ಮಾತು ಕೊಟ್ಟಿದ್ದಳು. "ಅಷ್ಟು ಮರಿ ಹಾಕುವುದು ಕಷ್ಟ ಅಕ್ಕ" ಎಂದರೆ, "ನನಗೆ ಒಂದು ಉಂಟಲ್ಲ, ಅದನ್ನೂ ಸೇರಿಸಿ ಹನ್ನೆರಡು" ಎನ್ನುತ್ತಿದ್ದಳು. ಮನೆಯಲ್ಲಿ ನಾವು ಆಡುವುದು ತುಳು. ಕನ್ನಡದಲ್ಲಿ ಬರೆಯುವಾಗ ಅವಳ ಮಾತು ಇದ್ದುದಕ್ಕಿಂತ ಸ್ವಲ್ಪ ಸಭ್ಯವಾಗಿ ಕೇಳಿಸುತ್ತದೆ.

ಒಂದು ಮರಿಯನ್ನು ಮಡಿಲಲ್ಲಿಟ್ಟುಕೊಂಡು ಕೂರಬೇಕೆಂಬುದು ಅವಳ ಆಸೆ. ಬೇರೇನನ್ನೂ ಅವಳು ಕೇಳಲಿಲ್ಲ. ಇನ್ನು ವರ್ಷಗಳ ಲೆಕ್ಕ ಬೇಡ, ತಿಂಗಳುಗಳ ಲೆಕ್ಕವಿಟ್ಟುಕೊಳ್ಳಿ ಎಂದು ಡಾಕ್ಟರರು ನನ್ನನ್ನು ಹೊರಗೆ ಕರೆದು ಹೇಳಿದ್ದರು. ನಾಯಿ ಗಬ್ಬವಾದ ಎರಡು ತಿಂಗಳಿಗೆ ಮರಿ ಹಾಕುತ್ತದೆ. ಹಾಗಾಗಿ ಆ ವರ್ಷ ಜುಲೈ ಕೊನೆಗೆ ಲಚ್ಚು ಬೆದೆಗೆ ಬಂದಾಗ, ಮೊದಲ ರಕ್ತದ ಕಲೆ ಕಂಡ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿದೆ. ಹನ್ನೊಂದನೆಯ ದಿನ, ಹದಿಮೂರನೆಯ ದಿನ ಎಂದು ಜನ ಹೇಳುವ ಲೆಕ್ಕವನ್ನು ನಾನು ನಂಬುವವನಲ್ಲ. ಕೆಲವು ನಾಯಿಗಳಿಗೆ ವಾರದಲ್ಲೇ ಅಂಡಾಣು ಬಿಡುಗಡೆಯಾಗುತ್ತದೆ, ಕೆಲವಕ್ಕೆ ಮೂರು ವಾರ ಹಿಡಿಯುತ್ತದೆ. ಅದಕ್ಕೆಂದೇ ಎರಡು ದಿನಕ್ಕೊಮ್ಮೆ ಮನೆಗೇ ಜನ ಕರೆಸಿ ಲಚ್ಚುವಿನ ರಕ್ತ ತೆಗೆಸಿ ಪ್ರೊಜೆಸ್ಟರಾನ್ ಪರೀಕ್ಷೆ ಮಾಡಿಸಿದೆ. ನಾಲ್ಕನೆಯ ಪರೀಕ್ಷೆಯ ಚೀಟಿ ನೋಡಿ ಪಶುವೈದ್ಯರು, "ಅಂಡಾಣು ಬಿಡುಗಡೆಯಾಗಿ ಎರಡು ದಿನ ಆಯ್ತು ಸರ್. ಇವತ್ತು, ನಾಳೆ, ಹೆಚ್ಚೆಂದರೆ ನಾಡಿದ್ದು ಬೆಳಿಗ್ಗೆ. ಆಮೇಲೆ ಹೋಗಿ ಪ್ರಯೋಜನ ಇಲ್ಲ" ಎಂದರು. ಗಂಡುನಾಯಿ ಅಜೆಕಾರಿನ ಶೆಟ್ರ ಮನೆಯಲ್ಲಿತ್ತು. ಒಂದೂವರೆ ಗಂಟೆಯ ದಾರಿ.

ಮನೆಗೆ ಬಂದು ಹೇಳಿದರೆ ಅಕ್ಕ ಕ್ಯಾಲೆಂಡರ್ ನೋಡಿ, "ಆಟಿ ಮುಗಿಯಲಿಕ್ಕೆ ಇನ್ನೂ ಮೂರು ದಿನ ಉಂಟಲ್ಲ. ಆಟಿಯಲ್ಲಿ ಯಾರಾದರೂ ಮದುಮಗಳನ್ನು ಗಂಡನ ಮನೆಗೆ ಕಳಿಸುತ್ತಾರಾ ಮಾರಾಯ?" ಎಂದಳು. ನಮ್ಮಲ್ಲಿ ಆಷಾಢದ ಹಾಗೆ ಆಟಿ ತಿಂಗಳಿಡೀ ಶುಭಕಾರ್ಯವಿಲ್ಲ. ಹೊಸ ಮದುಮಗಳು ತವರಿಗೆ ಬಂದು ಕೂರುವ ತಿಂಗಳದು. ಸರಿ, ಅಕ್ಕನ ಮಾತು ಮೀರಬಾರದು ಎಂದು ನಾನು ಕಾರಿನ ಕೀಲಿಯನ್ನು ಮೊಳೆಗೆ ತೂಗುಹಾಕಿದೆ. ಮೂರು ದಿನ ಕೆಸುವಿನೆಲೆಯ ಪತ್ರೊಡೆ ತಿಂದು ಮಲಗಿದೆ.

ಆಟಿ ಮುಗಿದು ಸಂಕ್ರಮಣ ಕಳೆದ ಬೆಳಿಗ್ಗೆ ಒಳ್ಳೆಯ ಬಿಸಿಲು. ಲಚ್ಚುವಿಗೆ ಸ್ನಾನ ಮಾಡಿಸಿ, ಕೊರಳಿಗೆ ಹೊಸ ಪಟ್ಟಿ ಕಟ್ಟಿ ಅಜೆಕಾರಿಗೆ ಕರೆದುಕೊಂಡು ಹೋದೆ. ಶೆಟ್ರ ಗಂಡುನಾಯಿ ಹತ್ತಿರ ಬಂದು ಮೂಸಿತು. ಲಚ್ಚು ಬಾಲ ಮುದುರಿ ನೆಲಕ್ಕೆ ಕೂತವಳು ಏಳಲೇ ಇಲ್ಲ. ಎರಡನೆಯ ಸಲ ಬಂದಾಗ ಹಲ್ಲು ತೋರಿಸಿದಳು. ಶೆಟ್ರು ತಲೆ ಅಲ್ಲಾಡಿಸಿ, "ಅವಳದ್ದು ಮುಗಿದಿದೆ ಸರ್. ನೀವು ಎಂತಕ್ಕೆ ಇಷ್ಟು ತಡ ಮಾಡಿದ್ದು? ಕಲಿತವರಲ್ವಾ ನೀವು?" ಎಂದು ಕೇಳಿದರು. ನಾನು ಆಟಿಯ ಕಥೆ ಹೇಳಿದೆ. ಅವರು ನಕ್ಕು, "ಹಳೇ ಕಾಲದವರು, ಎಂತ ಮಾಡುವುದು" ಎಂದರು. ನಾನೂ ನಕ್ಕೆ.

ಮನೆಗೆ ಬಂದು ಅದನ್ನೇ ಹೇಳಿದಾಗ ಅಕ್ಕ ನಗಲಿಲ್ಲ. "ನಾಯಿಗೆ ಎಂತ ಆಟಿ? ನಾನು ತಮಾಷೆಗೆ ಹೇಳಿದ್ದಲ್ವಾ?" ಎಂದಳು. ಮತ್ತೆ, "ಇನ್ನು ಯಾವಾಗ?" ಎಂದು ಕೇಳಿದಳು. ಆರೇಳು ತಿಂಗಳು ಎಂದೆ. ಅವಳು ಬೆರಳು ಮಡಚಿ ಎಣಿಸತೊಡಗಿ ನಡುವೆ ನಿಲ್ಲಿಸಿದಳು. "ಆಗಲಿ, ನೀನು ಊಟ ಮಾಡು" ಎಂದಳು. ಬೈದಿದ್ದರೆ ನನಗೆ ಇಷ್ಟು ಸಂಕಟವಾಗುತ್ತಿರಲಿಲ್ಲ. ಅವಳು ದೀಪಾವಳಿಗಿಂತ ಎಂಟು ದಿನ ಮೊದಲು ತೀರಿಕೊಂಡಳು.

ಫೆಬ್ರವರಿಯಲ್ಲಿ ಲಚ್ಚು ಮತ್ತೆ ಬೆದೆಗೆ ಬಂದಾಗ ವೈದ್ಯರು ಹೇಳಿದ ದಿನಕ್ಕೆ ಸರಿಯಾಗಿ ಅಜೆಕಾರಿನಲ್ಲಿದ್ದೆ. ಏಳು ಮರಿಗಳಾದವು. ಮಣಿಪಾಲದ ನರ್ಸ್ ಒಂದನ್ನು ಎತ್ತಿಕೊಂಡು, "ಪಾಪ ನಿಮ್ಮ ಅಕ್ಕ, ಆಟಿ ಎಂದು ಅವರೇ ತಡೆದರಂತಲ್ಲ?" ಎಂದು ಕಣ್ಣೊರೆಸಿಕೊಂಡಳು. ಹೌದು ಎಂದೆ. ಎಲ್ಲರಿಗೂ ನಾನು ಹಾಗೆಯೇ ಹೇಳಿದ್ದೆ. ಇಲ್ಲವೆನ್ನಲು ಅಕ್ಕ ಇಲ್ಲ. ಅವಳು ತಮಾಷೆ ಮಾಡುತ್ತಿದ್ದಾಳೆಂದು ನನಗೆ ಆಗಲೇ ಗೊತ್ತಿತ್ತು. ಮಾತಿನ ಕೊನೆಗೆ ಅವಳ ತುಟಿ ಓರೆಯಾಗಿದ್ದನ್ನು ನೋಡಿದ್ದೆ. ಆದರೆ ಆ ಮೂರು ದಿನ ಹೊರಗೆ ಜಡಿಮಳೆ. ಕಾರು ತಂದು ತಿಂಗಳಾಗಿತ್ತಷ್ಟೇ, ಕೆಸರು ಮೆತ್ತಿದ ಒದ್ದೆ ನಾಯಿಯನ್ನು ಹೊಸ ಸೀಟಿನ ಮೇಲೆ ಕೂರಿಸಲು ನನಗೆ ಮನಸ್ಸಾಗಲಿಲ್ಲ. ಸೀಟಿನಲ್ಲಿ ಇವತ್ತಿಗೂ ಒಂದು ಕಲೆಯಿಲ್ಲ.